ಸೀಟಿನ ಕೆಳಗಿನ ಜಾಕೆಟ್, ನೀರಿನ ಮೇಲಿನ ಎಣ್ಣೆ: ದೋಣಿ ಓಡಿಸುವವರ ಪ್ರಶ್ನೆಗಳು

ಪ್ರಶ್ನೆ: ನಮ್ಮ ದೋಣಿಯಲ್ಲಿ ಹೋಗುವವರಿಗೆಲ್ಲ ಈಜು ಬರುತ್ತದೆ. ಲೈಫ್ ಜಾಕೆಟ್‌ಗಳು ಸೀಟಿನ ಕೆಳಗೆ ಇರುತ್ತವೆ. ಸೆಖೆಯಲ್ಲಿ ಅದನ್ನು ತೊಟ್ಟು ಕೂರೋದು ಹಿಂಸೆ. ಬೇಕಾದಾಗ ಹಾಕಿಕೊಂಡರೆ ಸಾಲದೇ?

ಉತ್ತರ: ಸಾಲದು. ಬೇಕಾದಾಗ ಅಂದರೆ ಯಾವಾಗ? ದೋಣಿ ಮಗುಚುವ ಮುಂಚೆ ಹೇಳಿ ಕಳಿಸುವುದಿಲ್ಲ ಅಲ್ವಾ? ಒಂದು ಸಲ ಈಜುಕೊಳದಲ್ಲಿ, ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿಕೊಂಡು, ನೀರಲ್ಲಿದ್ದುಕೊಂಡೇ ಜಾಕೆಟ್ ತೊಡಲು ನೋಡಿ. ಅದು ಮೇಲಕ್ಕೆ ತೇಲುತ್ತದೆ, ಒಂದು ತೋಳು ತೂರಿಸುವಷ್ಟರಲ್ಲಿ ಮುಖ ನೀರೊಳಗೆ ಹೋಗುತ್ತದೆ, ಬಕಲ್ ಬೆನ್ನ ಹಿಂದೆ ಎಲ್ಲೋ ನೇತಾಡುತ್ತಿರುತ್ತದೆ. ಇದು ಅಲೆಯೇ ಇಲ್ಲದ ಕೊಳದ ಕಥೆ.

ಈಜು ಬರುತ್ತದೆ ಅನ್ನುವ ಧೈರ್ಯವೂ ಅಷ್ಟೇ. ತಣ್ಣನೆಯ ನೀರಿಗೆ ದಿಢೀರ್ ಬಿದ್ದರೆ ಮೊದಲ ನಿಮಿಷದಲ್ಲಿ ಉಸಿರು ನಮ್ಮ ಹಿಡಿತದಲ್ಲಿ ಇರುವುದಿಲ್ಲ. ಬಾಯಿ ತಾನಾಗಿಯೇ ಗಕ್ಕನೆ ತೆರೆದು ಉಸಿರೆಳೆಯುತ್ತದೆ, ಆಗ ತಲೆ ನೀರೊಳಗಿದ್ದರೆ ಉಸಿರಿನ ಬದಲು ನೀರೇ ಒಳಗೆ ಹೋಗುತ್ತದೆ. ನೀರು ತೀರಾ ತಣ್ಣಗಿದ್ದರೆ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಕೈಬೆರಳು ಮಾತು ಕೇಳುವುದಿಲ್ಲ. ಅಮೆರಿಕದ ಕೋಸ್ಟ್ ಗಾರ್ಡ್ 2023ರ ದೋಣಿ ಅವಘಡಗಳ ಲೆಕ್ಕ ಕೊಟ್ಟಿದೆ: ಕಾರಣ ಗೊತ್ತಾದ ಸಾವುಗಳಲ್ಲಿ ನಾಲ್ಕರಲ್ಲಿ ಮೂರು ಮುಳುಗಿ ಆದದ್ದು, ಹಾಗೆ ಮುಳುಗಿದವರಲ್ಲಿ ಶೇ. 87 ಮಂದಿ ಜಾಕೆಟ್ ತೊಟ್ಟಿರಲಿಲ್ಲ.

ಸೆಖೆಯೇ ತೊಂದರೆಯಾದರೆ ಗಾಳಿ ತುಂಬಿಕೊಳ್ಳುವ ತೆಳು ಜಾಕೆಟ್ ಕೊಳ್ಳಿ, ಆದರೆ ಅದನ್ನು ಉಬ್ಬಿಸುವ ಪುಟ್ಟ ಗ್ಯಾಸ್ ಸಿಲಿಂಡರ್ ಬಿಗಿಯಾಗಿದೆಯಾ ಅಂತ ಆಗಾಗ ನೋಡುತ್ತಿರಬೇಕು. ಯಾವುದೇ ಜಾಕೆಟ್ ಇರಲಿ, ತೊಟ್ಟ ಮೇಲೆ ಇನ್ನೊಬ್ಬರಿಗೆ ಹೆಗಲ ಪಟ್ಟಿ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಗಲ್ಲ ದಾಟಿ ಕಿವಿವರೆಗೆ ಬಂದರೆ ಅಳತೆ ದೊಡ್ಡದಾಯಿತು. ಮಕ್ಕಳದ್ದಕ್ಕೆ ಕಾಲ ಸಂದಿಯ ಪಟ್ಟಿ ಇರಲೇಬೇಕು. ಬೆಳೆಯುವ ಮಗು ಅಂತ ದೊಡ್ಡದು ತರಬೇಡಿ.

ಪ್ರಶ್ನೆ: ನಮ್ಮದು ಹಳೆಯ ಎರಡು ಸ್ಟ್ರೋಕ್ ಎಂಜಿನ್. ಹಿಂದುಗಡೆ ನೀರಿನ ಮೇಲೆ ಬಣ್ಣ ಬಣ್ಣದ ಪದರ ಕಾಣುತ್ತದೆ. ಎರಡು ಹನಿ ಪಾತ್ರೆ ಸೋಪು ಹಾಕಿದರೆ ಮಾಯ. ಇದು ಸರಿಯೇ?

ಉತ್ತರ: ಮಾಯವಾಗುವುದು ನಿಮ್ಮ ಕಣ್ಣಿಗೆ ಮಾತ್ರ. ಸೋಪು ಎಣ್ಣೆಯನ್ನು ಸಣ್ಣ ಸಣ್ಣ ಹನಿಯಾಗಿ ಒಡೆದು ನೀರಿನೊಳಗೆ ಇಳಿಸುತ್ತದೆ. ಮೇಲೆ ತೇಲುತ್ತಿದ್ದಾಗ ಸ್ವಲ್ಪ ಆವಿಯಾಗಿ ಹೋಗುತ್ತಿತ್ತು, ಉಳಿದದ್ದನ್ನು ಹೀರುವ ಪ್ಯಾಡ್‌ನಿಂದ ತೆಗೆಯಬಹುದಿತ್ತು. ಒಳಗಿಳಿದ ಮೇಲೆ ಮೀನು, ಮೀನಿನ ಮೊಟ್ಟೆಗಳ ಪಾಲಾಯಿತು. ಸೋಪೂ ಮೀನಿನ ಕಿವಿರಿಗೆ ಕೆಟ್ಟದ್ದೇ. ದಯವಿಟ್ಟು ಬಿಡಿ.

ಕಾರ್ಬುರೇಟರ್ ಇರುವ ಹಳೆಯ ಎರಡು ಸ್ಟ್ರೋಕ್ ಎಂಜಿನ್‌ನ ಮೂಲ ರೋಗವೇ ಬೇರೆ. ಹೊಸ ಪೆಟ್ರೋಲ್ ಒಳಗೆ ಬರುವ ಬಾಗಿಲೂ ಹೊಗೆ ಹೊರಗೆ ಹೋಗುವ ಬಾಗಿಲೂ ಒಟ್ಟಿಗೆ ತೆರೆದಿರುವ ಗಳಿಗೆ ಒಂದಿದೆ, ಆಗ ಉರಿಯದ ಪೆಟ್ರೋಲು, ಅದರ ಜೊತೆಗಿನ ಆಯಿಲು ನೇರವಾಗಿ ಹೊರಗೆ ಹೋಗುತ್ತವೆ. ಸುಮಾರು ಕಾಲು ಭಾಗ ಇಂಧನ ಹೀಗೇ ಪೋಲು. ದುಡ್ಡು ಸುರಿದು ನೀರು ಕೆಡಿಸಿದಂತೆ. ಬದಲಾಯಿಸುವ ಕಾಲ ಬಂದಾಗ ನಾಲ್ಕು ಸ್ಟ್ರೋಕ್ ಅಥವಾ ಎಲೆಕ್ಟ್ರಿಕ್ ನೋಡಿ. ಅಲ್ಲಿಯವರೆಗೆ ಕಂಪನಿ ಹೇಳಿದ ಅಳತೆಯಲ್ಲೇ ಆಯಿಲ್ ಬೆರೆಸಿ, ಜಾಸ್ತಿ ಹಾಕಿದರೆ ಎಂಜಿನ್‌ಗೆ ಒಳ್ಳೆಯದು ಅನ್ನುವುದು ಸುಮ್ನೆ ನಂಬಿಕೆ.

ಇನ್ನು ನೀರಿಗೆ ಸೇರುವ ಪೆಟ್ರೋಲಿನಲ್ಲಿ ಎಷ್ಟೋ ಪಾಲು ತುಂಬಿಸುವಾಗಲೇ ಚೆಲ್ಲಿದ್ದು. ಬಿಡಿ ಟ್ಯಾಂಕ್ ಆದರೆ ದಡಕ್ಕೆ ತೆಗೆದುಕೊಂಡು ಹೋಗಿ ನೆಲದ ಮೇಲಿಟ್ಟು ತುಂಬಿಸಿ. ಕಂಠಪೂರ್ತಿ ಬೇಡ, ಬಿಸಿಲಿಗೆ ಪೆಟ್ರೋಲ್ ಹಿಗ್ಗಿ ಗಾಳಿ ತೂತಿನಿಂದ ತೊಟ್ಟಿಕ್ಕುತ್ತದೆ. ದೋಣಿಯ ತಳದಲ್ಲಿ ನಿಂತ ನೀರಿಗೆ ಎಣ್ಣೆ ಸೇರಿದ್ದರೆ ಪಂಪ್ ಹಾಕಿ ಹೊರಗೆ ಬಿಡುವ ಮುಂಚೆ ಎಣ್ಣೆ ಹೀರುವ ಪ್ಯಾಡ್ ಇಡಿ.

ಪ್ರಶ್ನೆ: ಒಂದು ಕೆರೆಯಿಂದ ಇನ್ನೊಂದು ಕೆರೆಗೆ ದೋಣಿ ಸಾಗಿಸುವಾಗ ತೊಳೆಯಲೇಬೇಕು ಅನ್ನುತ್ತಾರೆ. ಎರಡೂ ನೀರೇ ತಾನೇ?

ಉತ್ತರ: ನೀರು ಒಂದೇ, ಅದರಲ್ಲಿ ಬದುಕುವವು ಬೇರೆ. ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರದ ಕಡೆಯ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಉತ್ತರ ಅಮೆರಿಕದ ಮಹಾ ಸರೋವರಗಳ ಪ್ರದೇಶದಲ್ಲಿ ಮೊದಲು ಸಿಕ್ಕಿದ್ದು 1988ರಲ್ಲಿ. ತಂದದ್ದು ಹಡಗುಗಳು. ಆಮೇಲೆ ಒಳನಾಡಿನ ಕೆರೆಗಳಿಗೆ ಹರಡುವುದರಲ್ಲಿ ಟ್ರೇಲರ್ ಮೇಲಿನ ಸಣ್ಣ ದೋಣಿಗಳ ಪಾಲು ದೊಡ್ಡದು. ಅದರ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ, ತಳದಲ್ಲಿ ಉಳಿದ ಒಂದು ಲೋಟ ನೀರಿನಲ್ಲೂ ಪ್ರಯಾಣ ಮಾಡುತ್ತವೆ. ಹಾಗಾಗಿ ಪ್ರೊಪೆಲ್ಲರ್‌ಗೆ, ಲಂಗರಿಗೆ, ಟ್ರೇಲರ್‌ಗೆ ಸಿಕ್ಕಿಕೊಂಡ ಕಳೆ ಕಿತ್ತು ದಡದಲ್ಲೇ ಹಾಕಿ, ತಳದ ಬಿರಡೆ ತೆಗೆದು ನೀರು ಬಸಿದು, ಪೂರ್ತಿ ಒಣಗಿಸಿ ಆಮೇಲೆ ಮುಂದಿನ ಕೆರೆಗಿಳಿಸಿ.

ಪ್ರಶ್ನೆ: ದಡದ ಹತ್ತಿರ ವೇಗ ಅರ್ಧಕ್ಕೆ ಇಳಿಸುತ್ತೇನೆ. ಆದರೂ ಅಲೆ ಬರುತ್ತದೆ ಅಂತ ಬೈಸಿಕೊಳ್ಳುತ್ತೇನೆ!

ಉತ್ತರ: ಬೈದವರು ಸರಿಯಾಗೇ ಬೈದಿದ್ದಾರೆ. ಮೂತಿ ಮೇಲೆದ್ದು ಹಿಂಭಾಗ ಕುಸಿದಿರುವ ಆ ನಡುವಿನ ವೇಗದಲ್ಲೇ ಅಲೆ ಅತಿ ದೊಡ್ಡದು. ದೋಣಿ ಮಟ್ಟಸವಾಗಿ ಕೂರುವಷ್ಟು ನಿಧಾನ ಮಾಡಿ. ಜೊಂಡಿನಲ್ಲಿ ಗೂಡು ಕಟ್ಟಿದ ಹಕ್ಕಿಗಳೂ ಉಳಿಯುತ್ತವೆ, ದಡದ ಮಣ್ಣೂ.

ಪ್ರಶ್ನೆ: ನಾವಿಬ್ಬರೇ ಹೋಗುವುದು. ಓಡಿಸುವವನೇ ನೀರಿಗೆ ಬಿದ್ದರೆ?

ಉತ್ತರ: ಅದಕ್ಕೇ ಎಂಜಿನ್ ಪಕ್ಕ ಕೆಂಪು ಸುರುಳಿ ದಾರ ಕೊಟ್ಟಿರುವುದು. ಒಂದು ತುದಿ ಓಡಿಸುವವನ ತೊಡೆಗೋ ಜಾಕೆಟ್ಟಿಗೋ, ಇನ್ನೊಂದು ಸ್ವಿಚ್ಚಿಗೆ. ಬಿದ್ದ ಕ್ಷಣ ಎಂಜಿನ್ ನಿಲ್ಲುತ್ತದೆ. ಕಟ್ಟದಿದ್ದರೆ ಓಡಿಸುವವನಿಲ್ಲದ ದೋಣಿ ಸುತ್ತು ಹೊಡೆದು ಬಿದ್ದವನ ಕಡೆಗೇ ಬರಬಹುದು, ಪ್ರೊಪೆಲ್ಲರ್ ಸಮೇತ. ಆದರೆ ದಾರವೂ ಅವನ ಜೊತೆ ನೀರಿಗೆ ಹೋಗಿರುತ್ತದೆ, ಅದಿಲ್ಲದೆ ಎಷ್ಟೋ ಎಂಜಿನ್‌ಗಳು ಮತ್ತೆ ಚಾಲೂ ಆಗುವುದಿಲ್ಲ. ಇನ್ನೊಂದು ದಾರ ದೋಣಿಯಲ್ಲಿ ಇಟ್ಟಿರಿ, ಅದು ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿರಲಿ.