ಎಲೆ ಸುಕ್ಕಾಗಿದ್ರೆ ಮೊದ್ಲು ಬೇರು ನೋಡಿ: ಆರ್ಕಿಡ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮೇಡಂ, ಗೃಹಪ್ರವೇಶಕ್ಕೆ ಫ್ರೆಂಡ್ಸ್ ಒಂದು ಆರ್ಕಿಡ್ ಗಿಫ್ಟ್ ಕೊಟ್ಟಿದ್ರು, ನೇರಳೆ ಹೂಗಳು, ಕಡ್ಡಿ ತುಂಬಾ ಚಿಟ್ಟೆ ಸಾಲಾಗಿ ಕೂತಿರೋ ಹಾಗೆ. ಎರಡೂವರೆ ತಿಂಗಳು ಚೆನ್ನಾಗಿತ್ತು, ಆಮೇಲೆ ಹೂ ಒಂದೊಂದೇ ಉದುರಿ ಹೋಯ್ತು, ಈಗ ಎಲೆ ಎಲ್ಲಾ ಸುಕ್ಕುಗಟ್ಟಿ ಜೋತು ಬಿದ್ದಿದೆ. ನೀರು ಸಾಲ್ತಿಲ್ಲ ಅಂತ ದಿನಾ ಒಂದು ಲೋಟ ಹಾಕ್ತಿದೀನಿ. ಪಾಟಲ್ಲಿ ಮಣ್ಣೇ ಇಲ್ಲ, ಒಣಗಿದ ಪಾಚಿ ಥರ ಏನೋ ತುಂಬಿದಾರೆ. ಕೆಂಪು ಮಣ್ಣು, ಗೊಬ್ಬರ ಹಾಕಿ ದೊಡ್ಡ ಪಾಟಿಗೆ ಬದಲಾಯಿಸ್ಲಾ?
ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ದಯವಿಟ್ಟು ಮಣ್ಣು ಹಾಕ್ಬೇಡಿ, ದಿನಾ ಹಾಕೋ ಆ ಒಂದು ಲೋಟ ನೀರನ್ನೂ ಇವತ್ತೇ ನಿಲ್ಲಿಸಿ. ಹೂ ಉದುರಿದ್ದಕ್ಕೆ ಬೇಜಾರು ಬೇಡ, ಎರಡು ಮೂರು ತಿಂಗಳಾದ್ಮೇಲೆ ಅದು ಉದುರೋದೇ. ಎಲೆ ಸುಕ್ಕಾಗಿರೋದು ಮಾತ್ರ ಚಿಂತೆ ಮಾಡೋ ವಿಷಯ. ನೋಡಿದ್ರೆ ನೀರಿಲ್ದೆ ಬಾಡಿದ ಹಾಗೇ ಕಾಣುತ್ತೆ, ಒಂದರ್ಥದಲ್ಲಿ ಅದು ನಿಜಾನೂ ಹೌದು, ಆದ್ರೆ ನೀರು ಜಾಸ್ತಿಯಾಗಿ ಬೇರು ಕೊಳೆತಿರೋದ್ರಿಂದ ಎಲೆಗೆ ನೀರು ಕಳ್ಸೋಕೆ ಒಳಗೆ ಒಳ್ಳೇ ಬೇರು ಉಳಿದಿರಲ್ಲ, ನಾವು ಎಲೆ ನೋಡಿ ಇನ್ನಷ್ಟು ಹಾಕ್ತೀವಿ, ಉಳಿದ ಬೇರೂ ಹೋಗುತ್ತೆ. ನನ್ನ ಮೊದಲ ಎರಡು ಗಿಡ ಹೋಗಿದ್ದೂ ಹೀಗೇನೇ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದೀನಿ.

ನಿಮ್ಮ ಗಿಡದ ಹೆಸರು ಫೆಲನಾಪ್ಸಿಸ್. 1825ರಲ್ಲಿ ಬ್ಲೂಮ್ ಅನ್ನೋ ಸಸ್ಯಶಾಸ್ತ್ರಜ್ಞ ಇಟ್ಟ ಹೆಸರು, ಗ್ರೀಕ್‌ನಲ್ಲಿ ಪತಂಗದ ಥರ ಕಾಣೋದು ಅಂತ ಅರ್ಥ. ಅಂಗಡೀಲಿ ಸಿಗೋದೆಲ್ಲಾ ಹೈಬ್ರಿಡ್, ಆದ್ರೆ ಇವುಗಳ ಮೂಲದ ಗಿಡಗಳು ಫಿಲಿಪೈನ್ಸ್, ಇಂಡೋನೇಷ್ಯಾ, ತೈವಾನ್ ಕಡೆ ಕಾಡಲ್ಲಿ ಮರದ ಮೇಲೆ ಬೆಳೆಯೋವು. ಮರದಿಂದ ಆಹಾರ ಏನೂ ತಗೊಳ್ಳಲ್ಲ, ಬರೀ ಹಿಡ್ಕೊಂಡಿರುತ್ತೆ ಅಷ್ಟೆ. ಬೇರಿನ ಸುತ್ತ ಸ್ಪಂಜಿನಂಥ ಒಂದು ಬಿಳಿ ಪದರ ಇದೆ, ಮಳೆ ಬಿದ್ದ ತಕ್ಷಣ ನೀರು ಹೀರ್ಕೊಳ್ಳುತ್ತೆ, ಆಮೇಲೆ ಗಾಳಿಗೆ ಒಣಗುತ್ತೆ. ಅಂಥ ಬೇರನ್ನ ಮಣ್ಣಲ್ಲಿ ಹೂತರೆ ಉಸಿರುಗಟ್ಟುತ್ತೆ.

ಈಗ ಗಿಡನ ಪಾಟಿಂದ ಹೊರಗೆ ತೆಗೀರಿ. ಪಾಚಿ ಎಲ್ಲಾ ಬಿಡಿಸಿ, ನಟ್ಟನಡುವೆ ಬುಡದ ಹತ್ರ ಗಟ್ಟಿಯಾದ ಒಂದು ಉಂಡೆ ಇರ್ಬಹುದು, ಚಿಕ್ಕ ಸಸಿ ಇದ್ದಾಗ ನರ್ಸರಿಯವರು ಹಾಕಿದ್ದು, ಅದು ಒದ್ದೆಯಾಗಿ ಕೂತು ಬುಡ ಕೊಳೆಸುತ್ತೆ, ಅದನ್ನೂ ತೆಗೀರಿ. ಬೇರನ್ನ ಒಂದೊಂದಾಗಿ ಒತ್ತಿ ನೋಡಿ, ಗಟ್ಟಿಯಾಗಿದ್ರೆ ಬಿಡಿ, ಮೆತ್ತಗೆ ಕಂದು ಬಣ್ಣ ಆಗಿದ್ರೆ ಸ್ಪಿರಿಟ್‌ನಲ್ಲಿ ಒರೆಸಿದ ಕತ್ತರಿಯಿಂದ ಕತ್ತರಿಸಿ. ಕತ್ತರಿಸಿದ ಜಾಗಕ್ಕೆ ಅಡುಗೆಗೆ ಹಾಕೋ ಚಕ್ಕೆ ಪುಡಿ ಮುಟ್ಟಿಸ್ಬಹುದು, ಚೆನ್ನಾಗಿರೋ ಬೇರಿಗೆ ತಾಗಿಸ್ಬೇಡಿ, ಒಣಗಿಸಿಬಿಡುತ್ತೆ. ಒಂದು ದಿನ ನೆರಳಲ್ಲಿ ಹಾಗೇ ಇಟ್ಟು, ಉಳಿದ ಬೇರು ಹಿಡಿಯೋ ಅಷ್ಟೇ ಸಣ್ಣ ಪಾಟಿಗೆ ಹಾಕಿ, ಪಕ್ಕದಲ್ಲೂ ತೂತಿರೋ ಟ್ರಾನ್ಸ್‌ಪರೆಂಟ್ ಪ್ಲಾಸ್ಟಿಕ್ ಪಾಟ್ ಆದ್ರೆ ಬೇರು ಕಾಣುತ್ತೆ. ತುಂಬೋಕೆ ಪೈನ್ ತೊಗಟೆ ಚೂರು, ಇದ್ದಿಲು. ತೊಗಟೆ ಸಿಗದಿದ್ರೆ ತೆಂಗಿನಕಾಯಿ ಸಿಪ್ಪೆನ ತುಂಡು ಮಾಡಿ ಎರಡು ಮೂರು ದಿನ ನೀರು ಬದಲಾಯಿಸ್ತಾ ನೆನೆಸಿ ತೊಳೆದು ಹಾಕಿ, ಅದರಲ್ಲಿ ಉಪ್ಪಿನಂಶ ಇರುತ್ತೆ.

ನೀರು ಯಾವಾಗ ಅಂತ ಕ್ಯಾಲೆಂಡರ್ ನೋಡ್ಬೇಡಿ, ಬೇರು ನೋಡಿ. ಹಸಿರಾಗಿದ್ರೆ ಇನ್ನೂ ನೀರಿದೆ, ಬೆಳ್ಳಿ ಥರ ಬೂದು ಬಿಳಿ ಆಗಿದ್ರೆ ಹಾಕಿ. ಬೆಳಿಗ್ಗೆ ಹೊತ್ತು ಹಾಕಿ, ಪೂರ್ತಿ ಬಸಿದು ಹೋಗ್ಲಿ, ಎಲೆಗಳ ನಡುವಿನ ಕುಡೀಲಿ ನೀರು ನಿಂತ್ರೆ ಟಿಶ್ಯೂ ಇಟ್ಟು ಹೀರಿಸಿ. ಬೋರ್‌ವೆಲ್ ನೀರಿಗಿಂತ ಹಿಡಿದಿಟ್ಟ ಮಳೆ ನೀರು ಒಳ್ಳೇದು. ಪೂರ್ವದ ಕಿಟಕಿ ಹತ್ರ, ಬೆಳಗಿನ ಎಳೆ ಬಿಸಿಲು ಸಾಕು. ಹೊಸ ಬೇರು ಬರೋವರೆಗೂ ಗೊಬ್ಬರ ಬೇಡ, ಬಂದ್ಮೇಲೆ 20-20-20 ಅಂತ ಸಿಗೋ, ಸಾರಜನಕ, ರಂಜಕ, ಪೊಟ್ಯಾಷ್ ಸಮವಾಗಿರೋ ಗೊಬ್ಬರನ ಪ್ಯಾಕೆಟ್ಟಲ್ಲಿ ಹೇಳಿರೋದರ ಕಾಲು ಭಾಗ. ಸುಕ್ಕಾದ ಹಳೇ ಎಲೆ ಮತ್ತೆ ನೆಟ್ಟಗಾಗದೇ ಇರ್ಬಹುದು, ಕುಡಿ ಹಸಿರಾಗಿದ್ರೆ ಗಿಡ ಬದುಕಿದೆ ಅಂತಾನೇ, ಕೆಲವು ತಿಂಗಳು ಕಾಯಿರಿ.

ಪ್ರಶ್ನೆ: ನನ್ನ ಫೆಲನಾಪ್ಸಿಸ್ ಗಿಡ ಎರಡು ವರ್ಷದಿಂದ ಎಲೆ ಬಿಡ್ತಾನೇ ಇದೆ, ಹೂ ಮಾತ್ರ ಇಲ್ಲ. ಬೆಂಗಳೂರಲ್ಲಿ ತಂಗಿ ಮನೇಲಿ ಪ್ರತಿ ವರ್ಷ ಬರುತ್ತೆ. ನಾನೇನು ತಪ್ಪು ಮಾಡ್ತಿದೀನಿ?
ಓದುಗರು, ಮಂಗಳೂರು

ಉತ್ತರ: ತಪ್ಪು ನಿಮ್ದಲ್ಲ, ನಿಮ್ಮೂರ ಸೆಕೆದು. ಫೆಲನಾಪ್ಸಿಸ್ ಹೂವಿನ ಕಡ್ಡಿ ಬಿಡ್ಬೇಕಂದ್ರೆ ಕೆಲವು ವಾರ ಸುಮಾರು 25 ಡಿಗ್ರಿಗಿಂತ ತಂಪಿರ್ಬೇಕು, ಬೆಂಗಳೂರಿನ ಮನೆ ಒಳಗೆ ಡಿಸೆಂಬರ್ ಜನವರೀಲಿ ಅದು ತಾನಾಗೇ ಸಿಗುತ್ತೆ, ನಿಮ್ಮಲ್ಲಿ ಆ ತಿಂಗಳುಗಳಲ್ಲೂ ಹಗಲು 30 ದಾಟುತ್ತೆ. ಹಗಲಲ್ಲೂ ಏಸಿ ಹಾಕೋ ರೂಮಿದ್ರೆ ಒಂದೂವರೆ ತಿಂಗಳು ಅಲ್ಲಿ ಕಿಟಕಿ ಹತ್ರ ಇಟ್ಟು ನೋಡಿ, ಏಸಿ ಗಾಳಿ ನೇರ ಬೀಳ್ಬಾರ್ದು. ಎಲೆ ಕಡು ಹಸಿರಿದ್ರೆ ಬೆಳಕೂ ಕಮ್ಮಿ ಇದೆ ಅಂತ, ಎಳೆ ಹಸಿರು ಬರೋ ಅಷ್ಟು ಬೆಳಕು ಬೇಕು. ಎಲೆ ಬುಡದಿಂದ ಹೊಸದೇನಾದ್ರೂ ಹೊರಟ್ರೆ ಗಮನಿಸಿ, ತುದಿ ದುಂಡಗೆ ನುಣ್ಣಗಿದ್ರೆ ಬೇರು, ಸ್ವಲ್ಪ ಚಪ್ಪಟೆಯಾಗಿ ಮೇಲಕ್ಕೆ ಹೋಗ್ತಿದ್ರೆ ಹೂವಿನ ಕಡ್ಡಿ. ಕಡ್ಡಿ ಬಂದು ಹೂ ಅರಳೋಕೆ ಸುಮಾರು ಮೂರು ತಿಂಗಳು ಹಿಡಿಯುತ್ತೆ. ಮೊಗ್ಗು ಬಂದಾಗ ಹತ್ತಿರದಲ್ಲಿ ಹಣ್ಣಿನ ಬುಟ್ಟಿ ಇಡ್ಬೇಡಿ, ಹಣ್ಣಾಗ್ತಿರೋ ಬಾಳೆಹಣ್ಣಿಂದ ಬರೋ ಎಥಿಲೀನ್ ಗಾಳಿಗೆ ಮೊಗ್ಗು ಉದುರುತ್ತೆ. ಇಷ್ಟೆಲ್ಲಾ ಕಷ್ಟ ಬೇಡ ಅಂದ್ರೆ ಡೆಂಡ್ರೋಬಿಯಂ ಹೈಬ್ರಿಡ್ ಇಲ್ಲಾ ವಾಂಡಾ ಅನ್ನೋ ಬೇರೆ ಜಾತಿ ಆರ್ಕಿಡ್ ತಗೊಳ್ಳಿ, ಕರಾವಳಿಗೆ ಅವೇ ಸರಿ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮ ಹಲಸಿನ ಮರದ ಮೇಲೆ ಸೀತಾಳೆ ದಂಡೆ ಅನ್ನೋ ಕಾಡು ಆರ್ಕಿಡ್ ತಾನಾಗೇ ಬೆಳೆದಿದೆ. ಪೇಟೆಯಿಂದ ತಂದ ಆರ್ಕಿಡ್ಡನ್ನೂ ಪಕ್ಕದಲ್ಲಿ ಕಟ್ಟಬಹುದಾ?
ಓದುಗರು, ಶಿರಸಿ

ಉತ್ತರ: ಸೀತಾಳೆ ನಿಮ್ಮ ಮಳೆಗೆ ಹುಟ್ಟಿದ ಗಿಡ, ಅದನ್ನ ಕೀಳದೇ ಹಾಗೇ ಉಳಿಸಿಕೊಂಡಿರೋದು ನೋಡಿ ಖುಷಿ ಆಯ್ತು. ಪೇಟೆಯಿಂದ ತಂದಿದ್ದು ಫೆಲನಾಪ್ಸಿಸ್ ಆದ್ರೆ ಅದಕ್ಕೆ ಜೂನ್‌ನಿಂದ ಬಿಡದೇ ಸುರಿಯೋ ಮಳೆ ತಡೆಯಲ್ಲ, ಕುಡೀಲಿ ನೀರು ನಿಂತು ಕೊಳೆಯುತ್ತೆ, ಇದಕ್ಕೆ ಒಂದೇ ಕುಡಿ, ಅದು ಹೋದ್ರೆ ಗಿಡ ಉಳಿಯೋದು ಕಷ್ಟ. ಹಾಗಾಗಿ ಮರದ ಬದಲು ಸೂರಿನ ಕೆಳಗೆ ಒಂದು ಮರದ ತುಂಡಿಗೆ ಕಟ್ಟಿ ತೂಗು ಹಾಕಿ. ಎಲೆ ಕೆಳಮುಖ ಮಾಡಿ ಕಟ್ಟಿ, ಕಾಡಲ್ಲೂ ಅದು ಹಾಗೇ ಜೋತಾಡ್ತಾ ಬೆಳೆಯೋದು, ಬಿದ್ದ ನೀರು ಜಾರಿ ಹೋಗುತ್ತೆ. ಮಳೆಯ ಜೋರು ಕಮ್ಮಿ ಆದ್ಮೇಲೆ ಸೆಪ್ಟೆಂಬರ್ ಹೊತ್ತಿಗೆ ಹತ್ತಿ ದಾರದಲ್ಲಿ ಕಟ್ಟಿ, ಚಳಿಗಾಲ ಬೇಸಿಗೇಲಿ ದಿನಾ ಬೆಳಿಗ್ಗೆ ಬೇರಿಗೆ ನೀರು ಸಿಂಪಡಿಸಿ, ಪಾಟಿನಷ್ಟು ಹೊತ್ತು ತೇವ ಅಲ್ಲಿ ನಿಲ್ಲಲ್ಲ. ಬೇರು ಮರ ಕಚ್ಕೊಂಡ ಮೇಲೆ ದಾರ ಬಿಚ್ಚಿಬಿಡಿ.