ಪದೇ ಪದೇ ಲೂಸ್ ಮೋಷನ್ ಆಗುತ್ತಿದೆ, ಗಟ್ ಹೆಲ್ತ್ ಸರಿಹೋಗಲು ಯಾವ ಪ್ರೊಬಯಾಟಿಕ್ ತಗೊಳ್ಳಲಿ?

ಪಿಜಿ ಊಟ, ವಾರದಲ್ಲಿ ಮೂರ್ನಾಲ್ಕು ದಿನ ಹೊಟ್ಟೆ ಕೆಡುವುದು, ಮೆಡಿಕಲ್‌ನಿಂದ ತಂದ ಮಾತ್ರೆ ನುಂಗಿದರೆ ಎರಡು ದಿನ ಆರಾಮ, ಮತ್ತೆ ಅದೇ ಪಾಡು ಅಂತ ಬರೆದಿದ್ದೀರಿ. ಗಟ್ ಹೆಲ್ತ್, ಅಂದರೆ ಕರುಳಿನ ಆರೋಗ್ಯ, ಹಾಳಾಗಿದೆ ಅಂತ ಯಾರೋ ಹೇಳಿದರಂತೆ. ಮಾರತ್ತಹಳ್ಳಿಯಲ್ಲಿದ್ದಾಗ ನಾನೂ ಹೀಗೇ ಇದ್ದೆ. ಪ್ರೊಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದು ಅಂತ ಮಾರುವ ಜೀವಂತ ಬ್ಯಾಕ್ಟೀರಿಯಾ, ಅದನ್ನು ಆಮೇಲೆ ನೋಡೋಣ. ಮೊದಲು ಆ ಮಾತ್ರೆಯ ಬಗ್ಗೆ ಹೇಳಬೇಕು.

ನನಗೆ ಶುರುವಾಗಿದ್ದು ನಿಜವಾದ ಇನ್ಫೆಕ್ಷನ್‌ನಿಂದಲೇ. ಬೇಸಿಗೆ. ನಲ್ಲಿಯಲ್ಲಿ ಕಾವೇರಿ ನೀರಿಲ್ಲ, ಟ್ಯಾಂಕರ್ ನೀರು ಸಂಪಿಗೆ ಬೀಳುತ್ತಿತ್ತು. ಸಂಪಿನ ಮುಚ್ಚಳ ಒಂದು ಮೂಲೆಯಲ್ಲಿ ಒಡೆದಿತ್ತು, ಅಂಗಳ ತೊಳೆದ ನೀರು ಅಲ್ಲಿಂದಲೇ ಒಳಗೆ ಇಳಿಯುತ್ತಿತ್ತು. ಕುಡಿಯೋದು ಕ್ಯಾನ್ ನೀರು ಅಲ್ವಾ ಅಂತ ನಾವೆಲ್ಲ ಧೈರ್ಯವಾಗಿದ್ದೆವು. ಆದರೆ ತಟ್ಟೆ ಲೋಟ ತೊಳೆಯುತ್ತಿದ್ದದ್ದು, ಸೌತೆಕಾಯಿ ತೊಳೆದು ಹೆಚ್ಚುತ್ತಿದ್ದದ್ದು ಸಂಪಿನ ನೀರಲ್ಲೇ. ಒಂದು ವಾರ ಇಡೀ ಫ್ಲೋರಿಗೆ ವಾಂತಿ ಭೇದಿ. ಉಳಿದವರೆಲ್ಲ ಸುಧಾರಿಸಿಕೊಂಡರು. ನನ್ನ ಹೊಟ್ಟೆ ಮಾತ್ರ ಮೊದಲಿನ ಹಾಗೆ ಆಗಲೇ ಇಲ್ಲ.

ಆಫೀಸು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಕ್ಯಾಬ್ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ನಿಂತಾಗ ಹೊಟ್ಟೆ ಮುರಿಯೋಕೆ ಶುರುವಾದರೆ ಏನು ಗತಿ ಅಂತ ಬೆಳಗಿನ ತಿಂಡಿಯನ್ನೇ ಬಿಟ್ಟುಬಿಟ್ಟಿದ್ದೆ.

ಪಿಜಿ ಪಕ್ಕದಲ್ಲೇ ಮೆಡಿಕಲ್ ಇತ್ತು. "ಅಣ್ಣಾ, ಲೂಸ್ ಮೋಷನ್‌ಗೆ ಏನಾದ್ರೂ ಕೊಡಿ" ಅಂದರೆ ಸಾಕು. ಓಫ್ಲಾಕ್ಸಾಸಿನ್, ಆರ್ನಿಡಜೋಲ್ ಎರಡೂ ಸೇರಿದ ಆಂಟಿಬಯಾಟಿಕ್ ಮಾತ್ರೆಯ ಸ್ಟ್ರಿಪ್ ತೆಗೆದು, ಕತ್ತರಿಯಿಂದ ನಾಲ್ಕು ಮಾತ್ರೆ ಕತ್ತರಿಸಿ, ಕಂದು ಕವರಿಗೆ ಹಾಕಿ, ಮೇಲೆ ಪೆನ್ನಲ್ಲಿ 1-0-1 ಅಂತ ಬರೆದು ಕೊಡುತ್ತಿದ್ದರು. ಅಂಥ ಸ್ಟ್ರಿಪ್ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇರುತ್ತದೆ, ನೋಡಿ. ಡಾಕ್ಟರ ಚೀಟಿ ಇಲ್ಲದೆ ತಗೊಳ್ಳಬಾರದು ಅನ್ನುವ ಗುರುತು ಅದು. ನನಗೆ ಯಾರೂ ಹೇಳಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೂ ಈಗ ಇಲ್ಲೇ ಸಿಕ್ಕಿಕೊಂಡಿದ್ದೀರಿ. ಮಾತ್ರೆ ಕೆಲಸ ಮಾಡುತ್ತದೆ ಅಂತ ನಾನು ನಂಬಿದ್ದು ಯಾಕೆ? ತಗೊಂಡ ಎರಡು ದಿನಕ್ಕೆ ಭೇದಿ ನಿಲ್ಲುತ್ತಿತ್ತು. ಆದರೆ ಮಾಮೂಲಿ ಭೇದಿ ಏನೂ ತಗೊಳ್ಳದಿದ್ದರೂ ಎರಡು ಮೂರು ದಿನಕ್ಕೆ ನಿಲ್ಲುತ್ತದೆ. ಎಷ್ಟೋ ಸಲ ಕಾರಣ ವೈರಸ್, ಅದಕ್ಕೆ ಆಂಟಿಬಯಾಟಿಕ್ ತಾಗುವುದೇ ಇಲ್ಲ. ತಾನಾಗಿ ನಿಂತದ್ದಕ್ಕೆ ಹೆಸರು ಬಂದಿದ್ದು ಮಾತ್ರೆಗೆ. ಹೆಸರು ಬಂದ ಮೇಲೆ ಮುಂದಿನ ಸಲ ಇನ್ನೂ ಬೇಗ ಓಡಿದೆ. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಆಮ್ಲಜನಕ ಇಲ್ಲದೆ ಬದುಕುವಂಥವು. ಆರ್ನಿಡಜೋಲ್ ಹೊಡೆಯುವುದು ಅಮೀಬಾ, ಜಿಯಾರ್ಡಿಯಾ ಜೊತೆಗೆ ಇವುಗಳನ್ನೇ. ಅಂದರೆ ಯಾವುದು ಚೇತರಿಸಿಕೊಳ್ಳಲಿ ಅಂತ ಕಾಯಬೇಕಿತ್ತೋ ಅದರ ಮೇಲೆ ನಾನೇ ಪದೇ ಪದೇ ಮದ್ದು ಸುರಿಯುತ್ತಿದ್ದೆ. ಆಂಟಿಬಯಾಟಿಕ್‌ನಿಂದಲೇ ಭೇದಿ ಆಗುವುದೂ ಉಂಟು. ಕೊನೆಕೊನೆಗೆ ಯಾವುದು ಕಾಯಿಲೆ, ಯಾವುದು ಮಾತ್ರೆಯ ಕಾಟ ಅಂತ ಗೊತ್ತಾಗದ ಹಾಗಾಯಿತು.

ಕೊನೆಗೆ ಅಮ್ಮ ಊರಿಂದ ಬಂದು ಒಬ್ಬ ಫಿಸಿಶಿಯನ್ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರ್ ಕೇಳಿದ ಒಂದು ಪ್ರಶ್ನೆಗೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. "ಮಾತ್ರೆ ತಗೊಳ್ಳದೆ ಬಿಟ್ಟಾಗ ಎಷ್ಟು ದಿನಕ್ಕೆ ನಿಲ್ತಿತ್ತಮ್ಮಾ?" ಬಿಟ್ಟೇ ಇರಲಿಲ್ಲವಲ್ಲ. ಸ್ಟೂಲ್ ಟೆಸ್ಟ್ ಕೂಡ ತಕ್ಷಣ ಮಾಡಿಸಲಿಲ್ಲ. ಆಂಟಿಬಯಾಟಿಕ್ ಹೊಟ್ಟೆಯಲ್ಲಿರುವಾಗ ಇರುವ ಕ್ರಿಮಿಯೂ ಟೆಸ್ಟ್‌ನಲ್ಲಿ ಸಿಗದೇ ಹೋಗಬಹುದು. ಕೆಲವು ವಾರ ಏನೂ ತಗೊಳ್ಳದೆ ಇದ್ದು ಆಮೇಲೆ ಬನ್ನಿ ಅಂದರು. ಕಾರಣ ಗೊತ್ತಾಗುವುದೇ ಆ ಮಾತ್ರೆಗಳಿಂದಾಗಿ ತಿಂಗಳುಗಟ್ಟಲೆ ತಡವಾಯಿತು. ನನಗೆ ಆದ ದೊಡ್ಡ ನಷ್ಟ ಅದು.

ಡಾಕ್ಟರ್ ಹೇಳಿದ ಒಂದು ಲೆಕ್ಕ ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ನಾವು ಕುಡಿಯುವುದು, ಎಂಜಲು, ಜೀರ್ಣರಸ ಎಲ್ಲ ಸೇರಿ ದಿನಕ್ಕೆ ಸುಮಾರು 9 ಲೀಟರ್ ದ್ರವ ಕರುಳಿಗೆ ಬರುತ್ತದೆ. ಅಷ್ಟನ್ನೂ ಕರುಳು ಹೀರಿಕೊಂಡು, ಮಲದಲ್ಲಿ ಹೊರಗೆ ಹೋಗುವುದು ಇನ್ನೂರು ಎಂ.ಎಲ್. ಒಳಗೆ. ಹೀರುವುದು ಸ್ವಲ್ಪ ತಪ್ಪಿದರೂ ಸಾಕು, ಲೂಸ್ ಮೋಷನ್. ಹಾಗೆ ತಪ್ಪುವುದಕ್ಕೆ ಕಾರಣ ಬೇರೆ ಬೇರೆ. ಹಾಲಿನಲ್ಲಿರುವ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಅರಗದೇ ಇರಬಹುದು, ಥೈರಾಯ್ಡ್ ಜಾಸ್ತಿ ಆಗಿರಬಹುದು, ಗೋಧಿ ಆಗದ ಸೀಲಿಯಾಕ್ ಇರಬಹುದು, ಕರುಳಿನಲ್ಲಿ ಹುಣ್ಣು ಊತ ಇರಬಹುದು. ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್‌ನಿಂದಲೂ ಆಗುತ್ತದೆ, ಶುಗರ್‌ಫ್ರೀ ಚೂಯಿಂಗ್ ಗಮ್‌ನಲ್ಲಿರುವ ಸಿಹಿ ಕೊಡುವ ಸಾರ್ಬಿಟಾಲ್‌ನಿಂದಲೂ ಆಗುತ್ತದೆ.

ನನ್ನದು ಇನ್ಫೆಕ್ಷನ್ ಆದ ಮೇಲೆ ಬರುವ ಐಬಿಎಸ್ (ಇರಿಟಬಲ್ ಬವೆಲ್ ಸಿಂಡ್ರೋಮ್), ಅಂದರೆ ಕರುಳಿನಲ್ಲಿ ಹುಣ್ಣು ಊತ ಕಾಣದಿದ್ದರೂ ಪದೇ ಪದೇ ಹೊಟ್ಟೆ ಕೆಡುವ ತೊಂದರೆ. ಹೊಟ್ಟೆ ಇನ್ಫೆಕ್ಷನ್ ಆದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಹೀಗಾಗುತ್ತದಂತೆ. ಜೊತೆಗೆ ಹಾಲು ಆಗುತ್ತಿರಲಿಲ್ಲ. ದೊಡ್ಡವರಾದ ಮೇಲೆ ಹಾಲು ಅರಗದಿರುವುದು ನಮ್ಮ ದಕ್ಷಿಣದ ಕಡೆ ಬಹಳ ಜನಕ್ಕಿದೆ. ನೂರು ಎಂ.ಎಲ್. ಹಾಲಿನಲ್ಲಿ ಹತ್ತಿರ ಹತ್ತಿರ 5 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಫಿಲ್ಟರ್ ಕಾಫಿ, ಆಫೀಸಿನಲ್ಲಿ ಮತ್ತೆ ಕಾಫಿ, ರಾತ್ರಿ ಮೈಗೆ ಶಕ್ತಿ ಬರಲಿ ಅಂತ ಬಾದಾಮಿ ಹಾಲು. ಲೆಕ್ಕ ಹಾಕಿ.

ಹಾಲು ಬಿಟ್ಟೆ. ಈರುಳ್ಳಿ ಬೆಳ್ಳುಳ್ಳಿ ಕೆಲವು ವಾರ ಕಡಿಮೆ ಮಾಡಿ, ಒಂದೊಂದಾಗಿ ಮತ್ತೆ ಸೇರಿಸಿ ನೋಡಿದೆ. ಇಸಬ್‌ಗೋಲ್ ಶುರು ಮಾಡಿದೆ. ಅದು ಮಲಬದ್ಧತೆಗೆ ಮಾತ್ರ ಅಂದುಕೊಂಡಿದ್ದೆ, ಆದರೆ ನೀರು ಹಿಡಿದುಕೊಳ್ಳುವುದರಿಂದ ಲೂಸ್ ಆದಾಗಲೂ ಕೆಲಸ ಮಾಡುತ್ತದೆ. ನಿಧಾನಕ್ಕೆ ಸರಿಹೋಯಿತು. ಈಗಲೂ ಟೆನ್ಷನ್ ಜಾಸ್ತಿ ಆದರೆ ಕೆಡುತ್ತದೆ, ಆದರೆ ಹೆದರಿಕೆ ಹೋಗಿದೆ.

ಈಗ ನಿಮ್ಮ ಪ್ರಶ್ನೆ. ಯಾವ ಪ್ರೊಬಯಾಟಿಕ್? ನನ್ನ ಕೇಳಿದರೆ ಯಾವುದೂ ಬೇಡ. "ಗಟ್ ಹೆಲ್ತ್ ಹಾಳಾಗಿದೆ" ಅಂತ ಯಾರೋ ಹೇಳಿದ್ದನ್ನು ನೀವು ನಂಬಿ ಕೂತಿದ್ದೀರಿ. ಯಾಕೆ ಹಾಳಾಗಿದೆ ಅನ್ನುವುದನ್ನು ಅವರು ಹೇಳಲಿಲ್ಲವಲ್ಲ. ಐಬಿಎಸ್‌ಗೆ ಪ್ರೊಬಯಾಟಿಕ್ ಕೊಡಲು ಸಾಕಷ್ಟು ಆಧಾರ ಇಲ್ಲ ಅಂತ ಅಮೆರಿಕದ ಗ್ಯಾಸ್ಟ್ರೋ ಡಾಕ್ಟರುಗಳ ಸಂಘವೇ 2020ರಲ್ಲಿ ಹೇಳಿದೆ. ಕರುಳಿನ ಬ್ಯಾಕ್ಟೀರಿಯಾ ನೋಡುವ ಸಾವಿರಾರು ರೂಪಾಯಿಯ ಮೈಕ್ರೋಬಯೋಮ್ ಟೆಸ್ಟ್‌ಗೂ ದುಡ್ಡು ಹಾಕಬೇಡಿ. ಆ ದುಡ್ಡಲ್ಲಿ ಸ್ಟೂಲ್ ಟೆಸ್ಟ್, ರಕ್ತಕಣಗಳನ್ನು ಎಣಿಸುವ ಸಿಬಿಸಿ, ಥೈರಾಯ್ಡ್, ಟಿಟಿಜಿ ಮಾಡಿಸಬಹುದು. ಟಿಟಿಜಿ ಸೀಲಿಯಾಕ್‌ಗೆ, ಅದಕ್ಕೆ ಮೊದಲು ಚಪಾತಿ ಬಿಡಬೇಡಿ, ಬಿಟ್ಟರೆ ರಿಪೋರ್ಟ್ ತಪ್ಪು ಬರಬಹುದು. ಊತ ಇದೆಯಾ ಅಂತ ನೋಡಲು ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಅಂತ ಒಂದು ಟೆಸ್ಟ್ ಇದೆ. ಬೇಕಾ ಬೇಡವಾ ಡಾಕ್ಟರ್ ಹೇಳಲಿ. ನಾಲ್ಕು ವಾರ ದಾಟಿದ ಭೇದಿಯನ್ನು ಸುಮ್ನೆ ಮನೆಮದ್ದಲ್ಲಿ ಇಟ್ಟುಕೊಳ್ಳಬೇಡಿ.

ಮಲದಲ್ಲಿ ರಕ್ತ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ಇವುಗಳಲ್ಲಿ ಒಂದಿದ್ದರೂ ನಾಳೆಯೇ ಹೋಗಿ. ಐಬಿಎಸ್‌ನಲ್ಲಿ ಸಾಮಾನ್ಯವಾಗಿ ಇವು ಇರಲ್ಲ, ಇದ್ದರೆ ಬೇರೇನೋ ಇರಬಹುದು.

ಅಲ್ಲಿವರೆಗೆ ಸುಸ್ತಾದರೆ ಓಆರ್‌ಎಸ್ ಕುಡಿಯಿರಿ. ಒಂದು ಲೀಟರಿನ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಿ, ಲೋಟಕ್ಕೆ ಸುರಿದುಕೊಳ್ಳಬೇಡಿ. ಟೆಟ್ರಾ ಪ್ಯಾಕ್‌ನ ಸಿಹಿ ಜ್ಯೂಸುಗಳು ಓಆರ್‌ಎಸ್ ಅಲ್ಲ. ಅಂಥವುಗಳ ಮೇಲೆ ಓಆರ್‌ಎಸ್ ಅಂತ ಬರೆಯಬಾರದು ಅಂತ 2025ರಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆದೇಶವೇ ಮಾಡಿದೆ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಟೀ ಚಮಚ, ಮಟ್ಟವಾಗಿ.

ಮೊಸರೂ ಬಿಡಬೇಕಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ನಾನು ಬಿಡಲಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸನ್ನು ಒಂದಷ್ಟು ತಿಂದು ಮುಗಿಸಿರುತ್ತದೆ, ಹಾಗಾಗಿ ಹಾಲು ಆಗದ ಎಷ್ಟೋ ಜನಕ್ಕೆ ಮೊಸರು ಆಗುತ್ತದೆ. ಮಧ್ಯಾಹ್ನ ಒಂದು ಬಟ್ಟಲು ಮೊಸರನ್ನ ತಿಂದು ನೋಡಿ, ಆ ದಿನ ಹಾಲು ಕಾಫಿ ಬೇಡ. ಏನಾಯಿತು ಅಂತ ಬರೆದಿಟ್ಟುಕೊಂಡು ಆ ಚೀಟಿಯನ್ನು ಡಾಕ್ಟರ್ ಹತ್ತಿರ ತಗೊಂಡು ಹೋಗಿ.