ಯುಎ ಅಂದ್ರೆ ಯಾರಿಗೆ? ಮಕ್ಕಳ ಜೊತೆ ಸಿನಿಮಾಗೆ ಹೊರಟವರ ಪ್ರಶ್ನೆಗಳು

ನಾನು ಶಾಲೆಯಲ್ಲಿ ಆಪ್ತಸಮಾಲೋಚಕಿ. ತಿಂಗಳಿಗೊಂದು ಶನಿವಾರ ಮಕ್ಕಳಿಗೆ ಸಿನಿಮಾ ತೋರಿಸಿ, ಮುಗಿದ ಮೇಲೆ ಅವರ ಮಾತು ಕೇಳಿಸಿಕೊಳ್ಳುವುದು ಆ ಕೆಲಸದಲ್ಲಿ ನನಗೆ ಜಾಸ್ತಿ ಇಷ್ಟದ ಭಾಗ. ಈ ಸಲ ಬಂದ ಪ್ರಶ್ನೆಗಳಲ್ಲಿ ಐದಕ್ಕೆ ಇಲ್ಲಿ ಉತ್ತರಿಸಿದ್ದೇನೆ. ಕಥೆಯ ಗುಟ್ಟು ಅಲ್ಲಲ್ಲಿ ರಟ್ಟಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಗನಿಗೆ 12, ಮಗಳಿಗೆ 5 ವರ್ಷ. ‘ಕಾಂತಾರ: ಅಧ್ಯಾಯ 1’ ಥಿಯೇಟರಿಗೆ ಬಂದಾಗ ಯುಎ 16+ ಅಂತ ನೋಡಿ ಸುಮ್ಮನಾದೆವು. ಈಗ ಓಟಿಟಿಯಲ್ಲಿದೆ, ಮಗ ದಿನಾ ಕಾಡುತ್ತಾನೆ. ದೇವರ ಸಿನಿಮಾ ತಾನೇ, ಇಬ್ಬರಿಗೂ ತೋರಿಸು ಅಂತಾರೆ ನಮ್ಮ ಯಜಮಾನರು. ತೋರಿಸಬಹುದಾ? (ದಾವಣಗೆರೆಯ ತಾಯಿ)

ಮಗನಿಗೆ ತೋರಿಸಿ, ಪಕ್ಕದಲ್ಲಿ ನೀವೂ ಕೂತುಕೊಳ್ಳಿ. ಮಗಳು ಮಲಗಿದ ಮೇಲೆ.

ಮೊದಲು ಆ 16+ ಏನು ಅಂತ ಹೇಳಿಬಿಡುತ್ತೇನೆ, ಈ ಬಗ್ಗೆ ಗೊಂದಲ ಬಹಳ ಇದೆ. ಮುಂಚೆ ಸಿನಿಮಾ ಸರ್ಟಿಫಿಕೇಟಿನಲ್ಲಿ ಯು (ಎಲ್ಲರಿಗೂ), ಯುಎ (ಮಕ್ಕಳಾದರೆ ಅಪ್ಪ-ಅಮ್ಮ ನೋಡಿ ತೀರ್ಮಾನಿಸಬೇಕಾದದ್ದು), ಎ (ದೊಡ್ಡವರಿಗೆ ಮಾತ್ರ) ಅಂತ ಮೂರೇ ನಮಗೆ ಗೊತ್ತಿದ್ದದ್ದು. 2023ರಲ್ಲಿ ಸಿನಿಮಾ ಕಾಯ್ದೆಗೆ ತಿದ್ದುಪಡಿ ತಂದು ಯುಎಯನ್ನು ಮೂರು ಮಾಡಿದರು: 7+, 13+, 16+. ಈ ಮೂರೂ ಅಪ್ಪ-ಅಮ್ಮನಿಗೆ ಹೇಳುವ ಕಿವಿಮಾತು, ಅಷ್ಟೇ. ತೋರಿಸಬೇಕೋ ಬೇಡವೋ ಅಂತ ತೀರ್ಮಾನಿಸುವವರು ನೀವು, ಬೇರೆ ಯಾರೂ ಅದನ್ನು ನಿಮ್ಮ ಮೇಲೆ ಹೇರುವಂತಿಲ್ಲ ಅಂತ ಕಾನೂನಿನಲ್ಲೇ ಬರೆದಿದೆ. ಆದ್ದರಿಂದ 12ರ ಮಗನಿಗೆ 16+ ಸಿನಿಮಾ ತೋರಿಸಿದರೆ ತಪ್ಪೇನೂ ಆಗುವುದಿಲ್ಲ. ಆದರೆ ಸೆನ್ಸಾರ್ ಬೋರ್ಡಿನವರು 7 ಮತ್ತು 13ನ್ನು ಬಿಟ್ಟು 16ಕ್ಕೆ ಹೋಗಿದ್ದಾರೆ ಅಂದರೆ ಒಳಗೆ ಏನೋ ಇದೆ ಅಂತ ತಾನೇ ಅರ್ಥ.

ಇದೆ. ಕಾಡಿನ ಜನರ ಮೇಲೆ ದಾಳಿ ಇದೆ, ಕೊಲೆ ಇದೆ, ಯುದ್ಧ ಇದೆ, ದೈವ ಮೈಮೇಲೆ ಬಂದಾಗಿನ ಆರ್ಭಟ ಇದೆ. ಎಲ್ಲ ಸೇರಿ ಎರಡು ಮುಕ್ಕಾಲು ಗಂಟೆ. 12ರ ಹುಡುಗ ಮೊದಲ ಕಾಂತಾರವನ್ನು ಹೇಗೂ ನೋಡಿರುತ್ತಾನೆ, ಆ ‘ವೋ’ ಕೂಗನ್ನು ಕ್ಲಾಸಿನಲ್ಲಿ ಕೂಗಿ ಬೈಸಿಕೊಂಡೂ ಇರುತ್ತಾನೆ. ಅವನಿಗೆ ಇದು ರಾಜರ ಕಾಲದ ಹೊಡೆದಾಟದ ಕಥೆ. ಓಡುವ ರಥದ ದೃಶ್ಯಕ್ಕೆ ಸೋಫಾದಿಂದ ಎದ್ದು ನಿಲ್ಲುತ್ತಾನೆ ನೋಡಿ.

ಮಗಳ ವಿಷಯ ಬೇರೆ. ‘ದೇವರ ಸಿನಿಮಾ ತಾನೇ’ ಅನ್ನುವ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಐದು ವರ್ಷದ ಮಗುವಿಗೆ ಭಕ್ತಿ ಯಾವುದು, ಕೋಪ ಯಾವುದು ಅಂತ ಬೇರೆ ಮಾಡಿ ನೋಡಲು ಬರುವುದಿಲ್ಲ. ಅದಕ್ಕೆ ಕಾಣುವುದು ಕಣ್ಣು ದೊಡ್ಡದು ಮಾಡಿ ಕೂಗುತ್ತಿರುವ ಒಬ್ಬ ಮನುಷ್ಯ. ಓಟಿಟಿಯಲ್ಲಿ ಸಿನಿಮಾ ಶುರುವಾಗುವಾಗ ಮೇಲೆ ಮೂಲೆಯಲ್ಲಿ ಹಿಂಸೆ, ಬೈಗುಳ, ಮದ್ಯ ಅಂತೆಲ್ಲ ಒಂದು ಸಣ್ಣ ಸಾಲು ಬರುತ್ತದಲ್ಲ, 2021ರ ನಿಯಮದಿಂದ ಬಂದದ್ದು ಅದು, ನಾವೆಲ್ಲ ಚಿಪ್ಸ್ ಪ್ಯಾಕೆಟ್ ಒಡೆಯುವ ಹೊತ್ತಲ್ಲಿ ಅದು ಹೋಗಿಬಿಡುತ್ತದೆ. ಮುಂದಿನ ಸಲ ಓದಿ. ಅದೇ ನಿಯಮದ ಪ್ರಕಾರ 13+ ಮತ್ತು ಅದರ ಮೇಲಿನದಕ್ಕೆ ಪಿನ್ ಲಾಕ್ ಹಾಕುವ ಸೌಲಭ್ಯವನ್ನೂ ಆಪ್‌ನವರು ಕೊಟ್ಟಿರಬೇಕು. ಹಾಕಿಕೊಳ್ಳಿ. ಪಿನ್‌ಗೆ ಮಗನ ಹುಟ್ಟಿದ ದಿನ ಮಾತ್ರ ಇಡಬೇಡಿ.

ಪ್ರಶ್ನೆ: ಕಾರ್ಟೂನ್ ಅಂತ 4 ವರ್ಷದ ಮಗನನ್ನು ‘ಮಹಾವತಾರ ನರಸಿಂಹ’ಕ್ಕೆ ಕರೆದುಕೊಂಡು ಹೋಗಿದ್ದೆ. ಅರ್ಧಕ್ಕೇ ಅತ್ತು ರಂಪ ಮಾಡಿದ. ಇದೇ ಪ್ರಹ್ಲಾದನ ಕಥೆಯನ್ನು ಅಜ್ಜಿ ಹೇಳಿದರೆ ಇನ್ನೊಂದ್ಸಲ ಹೇಳು ಅಂತಾನೆ. ನಮ್ಮ ಹುಡುಗ ಅಷ್ಟು ಪುಕ್ಕಲನಾ? (ಹುಬ್ಬಳ್ಳಿಯ ತಂದೆ)

ಪುಕ್ಕಲ ಅಲ್ಲವೇ ಅಲ್ಲ. ಅಜ್ಜಿ ಕಥೆ ಹೇಳುವಾಗ ಹಿರಣ್ಯಕಶಿಪು ಎಷ್ಟು ದೊಡ್ಡವನು ಅಂತ ತೀರ್ಮಾನಿಸುವುದು ನಿಮ್ಮ ಮಗ. ತನಗೆ ಎಷ್ಟು ತಡೆಯುತ್ತದೋ ಅಷ್ಟೇ ದೊಡ್ಡ ರಾಕ್ಷಸನನ್ನು ಮನಸ್ಸಲ್ಲಿ ಕಟ್ಟಿಕೊಳ್ಳುತ್ತಾನೆ. ಅಜ್ಜಿಯೂ ಮೊಮ್ಮಗನ ಮುಖ ನೋಡಿಕೊಂಡು ಹೊಟ್ಟೆ ಬಗೆಯುವ ಭಾಗವನ್ನು ಚೂರು ಬೇಗ ದಾಟಿಸುತ್ತಾಳೆ, ಇಲ್ಲಾ ಕಚಗುಳಿ ಇಟ್ಟು ನಗಿಸುತ್ತಾಳೆ. ಪರದೆಗೆ ನಿಮ್ಮ ಮಗನ ಮುಖ ಕಾಣುವುದಿಲ್ಲವಲ್ಲ. ಮಗುವನ್ನು ಬೆಟ್ಟದಿಂದ ತಳ್ಳುವುದು, ಬೆಂಕಿಗೆ ಹಾಕುವುದು ನಮ್ಮ ಪುರಾಣದಲ್ಲೇ ಇದೆ. ಆದರೆ ಮಾಡುವವನು ಯಾರು? ಸ್ವಂತ ಅಪ್ಪ. ನಾಲ್ಕು ವರ್ಷದವನಿಗೆ ಉಗುರು, ರಕ್ತ, ಸಿಂಹದ ಮುಖ ಎಲ್ಲಕ್ಕಿಂತ ದೊಡ್ಡ ಹೆದರಿಕೆ ಅದು.

ಇನ್ನೊಂದು ಕಾರಣ ಸೌಂಡ್. ಅನಿಮೇಷನ್ ಅಂದರೆ ಪುಟ್ಟ ಮಕ್ಕಳದ್ದು ಅಂದುಕೊಂಡು ನಾನೂ ಮೋಸ ಹೋಗಿದ್ದೇನೆ. ನನ್ನ ಮಗನಿಗೂ ಆಗ ನಾಲ್ಕೇ. ತೆರೆ ಮೇಲೆ ಏನೂ ಆಗಿರಲಿಲ್ಲ, ಬರೀ ಕತ್ತಲೆ ಕಾಡು. ಅವನು ನನ್ನ ದುಪಟ್ಟಾ ಒಳಗೆ ತಲೆ ತೂರಿಸಿಕೊಂಡು “ಅಮ್ಮಾ, ಸೀಟು ನಡುಗ್ತಿದೆ” ಅಂದ. ನಾನು ಕೈ ಇಟ್ಟು ನೋಡಿದೆ, ನಿಜವಾಗಿ ನಡುಗುತ್ತಿತ್ತು. ಸ್ಪೀಕರಿನ ಆ ‘ಧುಮ್’ ದೊಡ್ಡವರಿಗೆ ಮಜಾ ಕೊಡುತ್ತದೆ, ಕಾಲು ನೆಲಕ್ಕೆ ಸಿಗದ ಮಗುವಿನ ಬೆನ್ನಿಗೆ ಅದು ಬೇರೆ ಥರ ತಾಗುತ್ತದೆ. ಅಲ್ಲಿಂದ ಮುಂದೆ ನಾವು ಹಿಂದಿನ ಸಾಲಿನಲ್ಲಿ, ನಡೆಯುವ ದಾರಿಯ ಪಕ್ಕದ ಸೀಟೇ ಬುಕ್ ಮಾಡುವುದು. ಮೊದಲ ಸಲ ಥಿಯೇಟರಿಗೆ ಹೋಗುವ ಮಗುವಿಗೆ ಮಧ್ಯಾಹ್ನದ ಆಟ, ಚಿಕ್ಕ ಸಿನಿಮಾ, ಸಾಧ್ಯವಾದರೆ ಪರದೆಯೂ ಚಿಕ್ಕದು. ಅತ್ತರೆ ಎದ್ದು ಬನ್ನಿ. “ದುಡ್ಡು ಕೊಟ್ಟಿದ್ದೀವಿ, ಕೂತ್ಕೋ” ಅಂತ ಕೂರಿಸಿದರೆ ಅವನಿಗೆ ಸಿನಿಮಾ ಮರೆತುಹೋಗುತ್ತದೆ, ಆ ಮಾತು ಮರೆಯುವುದಿಲ್ಲ.

ಪ್ರಶ್ನೆ: ಟಿವಿಯಲ್ಲಿ ‘777 ಚಾರ್ಲಿ’ ನೋಡಿದೆವು. ಹೊಡೆದಾಟ ಕಮ್ಮಿ, ನಾಯಿ ಸಿನಿಮಾ, ಮಕ್ಕಳಿಗೆ ಚೆನ್ನ ಅಂತ ಎಲ್ಲರೂ ಹೇಳಿದ್ದರು. ಆರು ವರ್ಷದ ಮಗಳು ನಾಲ್ಕು ದಿನದಿಂದ ಮಲಗುವಾಗ ಅಳುತ್ತಾಳೆ. ನಮ್ಮನೆ ನಾಯಿಯೂ ಸಾಯುತ್ತಾ, ನೀನೂ ಸಾಯ್ತೀಯಾ ಅಂತ ಕೇಳುತ್ತಾಳೆ. ತೋರಿಸಿದ್ದೇ ತಪ್ಪಾಯಿತಾ? (ಬೆಂಗಳೂರಿನ ತಾಯಿ)

ನಿಮ್ಮ ಪತ್ರ ಓದಿ ನಮ್ಮ ಶಾಲೆಯ ಒಬ್ಬ ಹುಡುಗ ನೆನಪಾದ. ಅವನದೂ ಅದೇ ವಯಸ್ಸು. ಚಾರ್ಲಿ ಹಿಮದಲ್ಲಿ ಮಲಗಿದ ದೃಶ್ಯ ಬಂದಾಗ ಮಿಕ್ಕವರೆಲ್ಲ ಅಳುತ್ತಿದ್ದರು, ಇವನು ಅಳಲಿಲ್ಲ. ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣವನ್ನು ಬಿಗಿಯಾಗಿ ಹಿಡಿದುಕೊಂಡು “ಈಗ ಎದ್ದೇಳುತ್ತೆ” ಅಂದ. ಸ್ವಲ್ಪ ಹೊತ್ತು ಬಿಟ್ಟು “ಈಗ” ಅಂದ. ಹೆಸರುಗಳು ಬರತೊಡಗಿದ ಮೇಲೂ ಜಾಗ ಬಿಟ್ಟು ಏಳಲಿಲ್ಲ.

ಐದರಿಂದ ಏಳು ವರ್ಷದ ಒಳಗೆ ಮಕ್ಕಳಿಗೆ ನಿಧಾನವಾಗಿ ಒಂದು ವಿಷಯ ಗೊತ್ತಾಗುತ್ತಾ ಬರುತ್ತದೆ. ಸತ್ತವರು ವಾಪಸ್ ಬರುವುದಿಲ್ಲ, ಮತ್ತು ಎಲ್ಲರೂ ಸಾಯುತ್ತಾರೆ. ಇದನ್ನು ಕೆಲವರಿಗೆ ಅಜ್ಜನ ಸಾವು ಕಲಿಸುತ್ತದೆ, ಕೆಲವರಿಗೆ ಅಕ್ವೇರಿಯಂನ ಮೀನು. ನಿಮ್ಮ ಮಗಳಿಗೆ ಚಾರ್ಲಿ ಕಲಿಸಿತು. ತಪ್ಪು ಅಂತ ನಾನು ಹೇಳುವುದಿಲ್ಲ, ಚೂರು ಬೇಗ ಆಯಿತು ಅಷ್ಟೇ. ನಮ್ಮಲ್ಲಿ ಪರಿಚಯದವರ ಸಲಹೆ ಯಾವಾಗಲೂ ಹೀಗೇ ಇರುತ್ತದೆ ನೋಡಿ: ಮುತ್ತು ಇಲ್ಲ, ರಕ್ತ ಇಲ್ಲ, ಆದ್ದರಿಂದ ಮಕ್ಕಳಿಗೆ ಓಕೆ. ಆ ಸಿನಿಮಾ ಶುರುವಾಗುವುದೇ ಚಿಕ್ಕಂದಿನಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡ ಧರ್ಮನಿಂದ, ಮುಗಿಯುವುದು ಕ್ಯಾನ್ಸರ್ ಬಂದ ನಾಯಿಯ ಜೊತೆಗೆ. ದೊಡ್ಡವರು ಪರದೆ ಮೇಲೆ ಮುತ್ತು ಬಂದರೆ ರಿಮೋಟ್ ಹುಡುಕುತ್ತಾರೆ. ಮಕ್ಕಳಿಗೆ ಅದು ‘ಛೀ’ ಅಂತ ನಕ್ಕು ಬಿಡುವ ವಿಷಯ. ಅವರನ್ನು ರಾತ್ರಿ ಎಬ್ಬಿಸುವುದು ಅಮ್ಮ ಕಳೆದುಹೋಗುವುದು, ಅಪ್ಪ ಬೈಯುವುದು, ನಾಯಿ ಸಾಯುವುದು.

ಈಗ ಏನು ಮಾಡಬೇಕು? ಸುಳ್ಳು ಹೇಳಬೇಡಿ. “ನಾನು ಸಾಯೋದೇ ಇಲ್ಲ” ಅಂದರೆ ಅವಳು ನಂಬುವುದಿಲ್ಲ, ನಂಬಿದರೆ ಇನ್ನೂ ಕಷ್ಟ. “ಎಲ್ಲರೂ ಒಂದಿನ ಸಾಯುತ್ತಾರೆ, ನಾನು ಬಹಳ ವರ್ಷ ನಿನ್ನ ಜೊತೆ ಇರ್ತೀನಿ ಅಂತ ಅಂದುಕೊಂಡಿದ್ದೀನಿ, ನಾಳೆ ಬೆಳಿಗ್ಗೆ ದೋಸೆ ಮಾಡ್ತೀನಿ” ಅನ್ನಿ. ದೋಸೆ ಮುಖ್ಯ, ಮಕ್ಕಳಿಗೆ ನಾಳೆ ಅನ್ನುವುದು ಕೈಗೆ ಸಿಗಬೇಕು. ಆಮೇಲೆ ನಾಯಿಯನ್ನು ಅವಳೇ ಬ್ರಷ್ ಮಾಡಲಿ, ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗುವಾಗ ಅವಳೂ ಬರಲಿ. ಚಾರ್ಲಿಗೆ ಕಾಯಿಲೆ ಬಂದಿದ್ದು ದುಡ್ಡಿಗಾಗಿ ಒಂದೇ ರಕ್ತಸಂಬಂಧದ ನಾಯಿಗಳನ್ನು ಕೂಡಿಸಿ ಮರಿ ಮಾಡಿಸಿದ್ದರಿಂದ ಅಂತ ಸಿನಿಮಾದಲ್ಲೇ ಹೇಳುತ್ತಾರೆ. ನಮ್ಮ ನಾಯಿಯನ್ನು ನಾವು ನೋಡಿಕೊಳ್ಳುತ್ತಿದ್ದೇವೆ ಅಂತ ಅವಳಿಗೆ ಕಾಣಲಿ.

ಮತ್ತೆ ಇದನ್ನೂ ಹೇಳಿ. ಚಾರ್ಲಿಯಾಗಿ ನಟಿಸಿದ ಲ್ಯಾಬ್ರಡಾರ್ ಸಿನಿಮಾದಲ್ಲಿ ಸತ್ತಂತೆ ಮಾಡಿತು, ನಿಜವಾಗಿ ಸಾಯಲಿಲ್ಲ. ಸಿನಿಮಾ ಬಂದದ್ದು 2022ರಲ್ಲಿ. 2024ರಲ್ಲಿ ಅದು ಮರಿ ಹಾಕಿದ ಖುಷಿಯನ್ನು ರಕ್ಷಿತ್ ಶೆಟ್ಟಿಯೇ ಹಂಚಿಕೊಂಡಿದ್ದರು. ಆ ಮರಿಗಳ ಸುದ್ದಿಯನ್ನು ನಮ್ಮ ಮಂಡಕ್ಕಿ ಹುಡುಗನಿಗೆ ಹೇಳಿದಾಗ “ಹೇಳಿದ್ನಲ್ಲ, ಎದ್ದೇಳುತ್ತೆ ಅಂತ” ಅಂದುಬಿಟ್ಟ.

ಅಂದಹಾಗೆ, ಇದೇ ಕಾರಣಕ್ಕೆ ‘ಮಿಥ್ಯ’ವನ್ನೂ ಸದ್ಯಕ್ಕೆ ಮಗಳಿಗೆ ಹಾಕಬೇಡಿ. 2025ರಲ್ಲಿ ಬಂದ ಕನ್ನಡ ಸಿನಿಮಾಗಳಲ್ಲಿ ನನಗೆ ಅತಿ ಇಷ್ಟವಾದವುಗಳಲ್ಲಿ ಅದೂ ಒಂದು. ಅಪ್ಪ-ಅಮ್ಮ ತೀರಿಕೊಂಡ ಮೇಲೆ ಮುಂಬೈಯಿಂದ ಉಡುಪಿಗೆ ಬರುವ 11ರ ಹುಡುಗನ ಕಥೆ. ಪೋಸ್ಟರ್‌ನಲ್ಲಿ ಮಗು ಇದ್ದ ತಕ್ಷಣ ಅದು ಮಕ್ಕಳ ಸಿನಿಮಾ ಆಗುವುದಿಲ್ಲ. ಮಗಳು ಮಲಗಿದ ಮೇಲೆ ನೀವಿಬ್ಬರೂ ನೋಡಿ.

ಪ್ರಶ್ನೆ: ‘ಕೂಲಿ’ಗೆ ಮನೆಮಂದಿಯೆಲ್ಲ ಟಿಕೆಟ್ ತೆಗೆಸಿ ಹೋದರೆ 14ರ ಮಗಳನ್ನು ಗೇಟಿನಲ್ಲೇ ತಡೆದರು. ನಾನು ಜೊತೆಗಿದ್ದೇನಲ್ಲ ಅಂದರೂ ಕೇಳಲಿಲ್ಲ. ಇದು ನ್ಯಾಯವಾ? (ತುಮಕೂರಿನ ತಂದೆ)

ನ್ಯಾಯವೇ. ಆ ಸಿನಿಮಾಗೆ ಸಿಕ್ಕಿದ್ದು ‘ಎ’. ಯುಎ ಆಗಿದ್ದರೆ ತೀರ್ಮಾನ ನಿಮ್ಮದು, ಎ ಆದರೆ 18 ತುಂಬದವರಿಗೆ ಪ್ರವೇಶವಿಲ್ಲ, ಅಪ್ಪ ಜೊತೆಗಿದ್ದರೂ ಅಷ್ಟೇ. ರಜನಿಕಾಂತ್ ಸಿನಿಮಾ, ಜೊತೆಗೆ ನಮ್ಮ ಉಪೇಂದ್ರ ಬೇರೆ, ಎ ಇರುತ್ತದೆ ಅಂತ ಯಾರಿಗೂ ಹೊಳೆಯಲಿಲ್ಲ. ಯುಎ ಕೊಡಿಸಿ ಅಂತ ನಿರ್ಮಾಪಕರು ಮದ್ರಾಸ್ ಹೈಕೋರ್ಟಿಗೂ ಹೋದರು, ಕೋರ್ಟ್ ಒಪ್ಪಲಿಲ್ಲ. ಬುಕಿಂಗ್ ಆಪ್‌ನಲ್ಲಿ ಸಿನಿಮಾ ಹೆಸರಿನ ಹತ್ತಿರವೇ ಚಿಕ್ಕದಾಗಿ ಬರೆದಿರುತ್ತಾರೆ, ಸೀಟು ಆರಿಸುವ ಮುಂಚೆ ಒಮ್ಮೆ ನೋಡಿ. ಗೇಟಿನ ಹುಡುಗನ ಮೇಲೆ ಸಿಟ್ಟಾಗಬೇಡಿ, ಅವನಿಗೆ ಅವತ್ತು ನಿಮ್ಮಂಥವರು ಇನ್ನೂ ಎಷ್ಟೋ ಜನ ಬೈದಿರುತ್ತಾರೆ.

ಪ್ರಶ್ನೆ: ಅಮೆರಿಕದಿಂದ ಮೊಮ್ಮಕ್ಕಳು ಬರುತ್ತಿದ್ದಾರೆ, 8 ಮತ್ತು 13 ವರ್ಷ. ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಜೊತೆಗೆ ಕೂತು ನೋಡುವಂಥ ಈಚಿನ ಕನ್ನಡ ಸಿನಿಮಾ ಹೇಳಿ. ನನಗೆ ಮುಜುಗರ ಆಗಬಾರದು, ಅವರಿಗೆ ಬೋರ್ ಆಗಬಾರದು. (ಮೈಸೂರಿನ ತಾತ)

ಕೊನೆಯ ಷರತ್ತೇ ಕಷ್ಟದ್ದು ತಾತ! ಮೊದಲು ‘ಸರ್ಕಾರಿ ಹಿ.ಪ್ರಾ. ಶಾಲೆ ಕಾಸರಗೋಡು’ ಹಾಕಿ. 2018ರದು, ಹೊಸದಲ್ಲ, ಆದರೆ ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು ಭಾಷೆ ಅನ್ನುವ ಪಾಡು ನಿಮ್ಮ ಮೊಮ್ಮಕ್ಕಳಷ್ಟು ಇನ್ಯಾರಿಗೆ ಗೊತ್ತು? ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬರುವುದನ್ನು ನೋಡಿ ಎಂಟು ವರ್ಷದವನು ಬಿದ್ದು ಬಿದ್ದು ನಗುತ್ತಾನೆ. ಅನಂತ್ ನಾಗ್ ಬಂದ ಮೇಲೆ ನೀವು ನಗುತ್ತೀರಿ.

‘ಆಚಾರ್ & ಕೋ’ 2023ರದು, 1960ರ ದಶಕದ ಬೆಂಗಳೂರಿನ ದೊಡ್ಡ ಕುಟುಂಬ. ದೊಡ್ಡ ಮೊಮ್ಮಗು ಅದಕ್ಕೆ ಮೊಬೈಲ್ ತೆಗೆಯಬಹುದು, ಆಗ ಸಿನಿಮಾ ನಿಲ್ಲಿಸಿ “ನಮ್ಮನೇಲೂ ಹೀಗೇ ಇತ್ತು” ಅಂತ ನಿಮ್ಮ ಕಥೆ ಶುರು ಮಾಡಿ. ಅಡ್ಡ ಮಾತಾಡುವುದು ಥಿಯೇಟರಿನಲ್ಲಿ ತಪ್ಪು, ಮನೆಯಲ್ಲಿ ಅದೇ ಅರ್ಧ ಮಜಾ.

‘ಸು ಫ್ರಮ್ ಸೋ’ ಸಿಕ್ಕಾಪಟ್ಟೆ ನಗಿಸುತ್ತದೆ, ಕರಾವಳಿ ಕನ್ನಡದ ರುಚಿಯೂ ಸಿಗುತ್ತದೆ. ಆದರೆ ಕುಡಿತ ಜಾಸ್ತಿ, ದೆವ್ವದ ಮಾತೂ ಇದೆ, ಕೊನೆಗೆ ಒಬ್ಬ ಹುಡುಗಿಗೆ ಆಗುವ ಕಿರುಕುಳದ ವಿಷಯ ಬರುತ್ತದೆ. 13ರ ಮಗುವಿಗೆ ತೋರಿಸಬಹುದು, ಆ ಭಾಗದ ಬಗ್ಗೆ ಆಮೇಲೆ ಅದರ ಅಮ್ಮ ಮಾತಾಡಲಿ. ಎಂಟರದ್ದಕ್ಕೆ ಬೇಡ.

ಇನ್ನು ಇಬ್ಬರಿಗೂ ಒಟ್ಟಿಗೆ, ಎಷ್ಟು ದೊಡ್ಡ ಟಿವಿ ಇದ್ದರೆ ಅಷ್ಟು ಒಳ್ಳೆಯದು ಅನ್ನುವಂಥದ್ದು ‘ಗಂಧದ ಗುಡಿ’. ಕಥೆ, ವಿಲನ್ ಯಾವುದೂ ಇಲ್ಲ. ಪುನೀತ್ ರಾಜ್‌ಕುಮಾರ್ ಮತ್ತು ವನ್ಯಜೀವಿ ಚಿತ್ರಗಳ ನಿರ್ದೇಶಕ ಅಮೋಘವರ್ಷ ನಮ್ಮ ಕಾಡು, ಹೊಳೆ, ಕಡಲು ಸುತ್ತುತ್ತಾರೆ, ಅಷ್ಟೇ. ಭಾಷೆ ಅಡ್ಡ ಬರುವುದಿಲ್ಲ. ನೋಡಿ ಮುಗಿಸಿದ ಮೇಲೆ ಈ ಅಂಕಲ್ ಈಗ ಎಲ್ಲಿದ್ದಾರೆ ಅಂತ ಚಿಕ್ಕದು ಕೇಳಿಯೇ ಕೇಳುತ್ತದೆ, ಅದಕ್ಕೆ ತಯಾರಿರಿ. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದರು, ಸಿನಿಮಾ ಬಂದದ್ದು ಮರುವರ್ಷ ಅಕ್ಟೋಬರ್ 28ಕ್ಕೆ. ನಿಜ ಹೇಳಿ. ಹೇಳುವಾಗ ನಿಮಗೂ ಗಂಟಲು ಕಟ್ಟಿದರೆ ಕಟ್ಟಲಿ ಬಿಡಿ. ಆಮೇಲೆ 1985ರ ‘ಬೆಟ್ಟದ ಹೂವು’ ಹುಡುಕಿ ಇಟ್ಟುಕೊಂಡಿರಿ. ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಆ ಸಿನಿಮಾದಲ್ಲಿ ಅವರೂ ನಿಮ್ಮ ಮೊಮ್ಮಕ್ಕಳ ಹಾಗೆ ಪುಟ್ಟ ಹುಡುಗ.